ಕೊನೇ ಮನೆಯ ನೀರು

ಊರಿನ ಹೆಸರು ನಗರ.
ಈಗ ಇರುವುದು ಒಂದು ಬಸ್‌ಸ್ಟ್ಯಾಂಡು, ಎರಡು ಹೋಟೆಲು,
ಒಂದು ಓವರ್‌ಹೆಡ್ ಟ್ಯಾಂಕು. ಅದರ ಬೀಗದಕೈ ನನ್ನ ಸೊಂಟದಲ್ಲಿ.
ಹೊಸಬರು ಕೇಳುತ್ತಾರೆ, ನಗರ ಎಲ್ಲಿ?
ಅದರ ಮೇಲೇ ನಿಂತಿದ್ದೀರಲ್ಲ, ಅನ್ನುತ್ತೇನೆ.

ಇಪ್ಪತ್ತೆರಡು ವರ್ಷದಿಂದ ವಾಲ್ವು ತಿರುಗಿಸುತ್ತಿದ್ದೇನೆ,
ನೀರುಗಂಟಿ ದುಗ್ಗಪ್ಪ.
ಮಳೆಗಾಲದಲ್ಲಿ ನನ್ನ ನೆನಪು ಯಾರಿಗೂ ಇಲ್ಲ.
ಏಪ್ರಿಲ್ಲಿನಲ್ಲಿ ನನ್ನ ಅಪ್ಪನ ಹೆಸರೂ ಎಲ್ಲರ ಬಾಯಲ್ಲಿ.

ಅಂಥ ಒಂದು ಏಪ್ರಿಲ್ಲಿನಲ್ಲೇ ನೀಲಿ ಪೈಪು ಬಂದದ್ದು.
ಹಸನ್‌ಸಾಬರ ಜೆಸಿಬಿ ಗುಡ್ಡದ ಬದಿ ಕೆರೆಯುತ್ತ ಬಂತು,
ಕೆಮ್ಮಣ್ಣು, ಜಂಬಿಟ್ಟಿಗೆ, ಮತ್ತೆ ಕೆಮ್ಮಣ್ಣು,
ಆಮೇಲೆ ಒಂದು ಸದ್ದು.
ಕಲ್ಲಿನದ್ದಲ್ಲ. ಮಡಕೆ ಒಡೆದ ಸದ್ದು.
ನಿಲ್ಲಿಸಿ ಅಂದೆ. ಅವರು ಆಗಲೇ ನಿಲ್ಲಿಸಿದ್ದರು.

ಮೊಣಕೈ ಉದ್ದದ ಸುಟ್ಟಮಣ್ಣಿನ ಕೊಳವೆ,
ಒಂದರ ಬಾಯಿ ಇನ್ನೊಂದರ ಕುತ್ತಿಗೆಯೊಳಗೆ,
ಸಂದಿಗೆ ಸುಣ್ಣ, ಸುಣ್ಣದೊಳಗೆ ನಾರು.
ಮುಟ್ಟಿದೆ. ತಲೆಗಿಂತ ಮೊದಲು ಕೈಗೆ ಗೊತ್ತಾಯಿತು,
ಇದು ನನ್ನ ಕೆಲಸದವನದು.
ಒಂದು ಸಂದಿಗೆ ಮಾತ್ರ ಸುಣ್ಣ ಎರಡು ಪದರ.
ಸೋರಿರಬೇಕು. ಯಾರೋ ಬೈದಿರಬೇಕು.
ಬೈಸಿಕೊಂಡವನು ಕತ್ತಲಾಗುವ ಮೊದಲು ಬಂದು
ಮತ್ತೊಮ್ಮೆ ಬಳಿದಿರಬೇಕು.

ಮಟ್ಟದ ಪೈಪು ಹಿಡಿದು ನೋಡಿದೆವು, ಕೋಟ್ಯ ಆ ತುದಿ, ನಾನು ಈ ತುದಿ.
ನೂರು ಮಾರಿಗೆ ಒಂದು ಗೇಣು ಇಳಿಜಾರು.
ಹೆಚ್ಚಾದರೆ ನೀರು ಕೊಳವೆ ಸೀಳುತ್ತದೆ,
ಕಡಿಮೆಯಾದರೆ ಕೂತು ಹೂಳಾಗುತ್ತದೆ.
ಅವನ ಹತ್ತಿರ ಏನಿತ್ತು? ಒಂದು ಮರಿಗೆ ನೀರು,
ಅದರ ಮೇಲೊಂದು ಜೊಳ್ಳು ಭತ್ತ, ಅರ್ಧ ಮುಚ್ಚಿದ ಒಂದು ಕಣ್ಣು.
ಅಷ್ಟರಲ್ಲೇ, ಗುಡ್ಡ ಏರಿದಲ್ಲಿ ಏರದೆ, ಹಳ್ಳ ಬಂದಲ್ಲಿ ಧುಮುಕದೆ,
ಉಂಡ ಹಾವಿನ ಹಾಗೆ ಬಳಸಿ ಬಳಸಿ ತಂದಿದ್ದ.
ಪಂಪು ಎಲ್ಲಿಟ್ಟಿದ್ದರೋ, ಅಂದರು ಇಂಜಿನಿಯರಮ್ಮ.
ಗುಡ್ಡವೇ ಪಂಪು ಮೇಡಂ, ಅಂದ ಕೋಟ್ಯ.

ಸುಮ್ಮನಿರಲಾಗಲಿಲ್ಲ. ಒಡೆದ ಬಾಯಿಗೆ
ಕೊಡ ಕೊಡ ನೀರು ಸುರಿದೆ, ಏಳು, ಎಂಟು, ಹದಿಮೂರು.
ಕೋಟ್ಯ ಕೆಳಗೆ, ನಿನ್ನೆ ತೋಡಿದ ಗುಂಡಿಯ ಹತ್ತಿರ,
ಸಿಗ್ನಲ್ಲಿಲ್ಲದ ಫೋನು ಹಿಡಿದು ಕೂತಿದ್ದ.
ನೀರು ಒಳಗೆ ಹೋಯಿತು. ಹೋದದ್ದು ಹೋಯಿತು.
ಬೇರು ಕುಡಿಯಿತೋ, ಗೆದ್ದಲ ಮಣ್ಣು ಕುಡಿಯಿತೋ,
ಅಷ್ಟು ಕಾಲದ ಬಾಯಾರಿಕೆಗೆ ಹದಿಮೂರು ಕೊಡ ಯಾವ ಲೆಕ್ಕ.

ಬೀಡಿ ಮುಗಿಯುವ ಹೊತ್ತಿಗೆ ಕೂಗು:
ಬಂತು! ಬಂತು!
ಓಡಿದೆ. ನೀರಲ್ಲ. ಮೊದಲು ಬಂದದ್ದು ಏಡಿ,
ಕೊಂಬು ಎತ್ತಿಕೊಂಡು,
ಬಾಡಿಗೆ ಮನೆ ಬಿಡಿಸಿದವರನ್ನು ನೋಡುವ ಹಾಗೆ ನೋಡಿ
ಅಡ್ಡಡ್ಡ ನಡೆದು ಪೊದೆ ಸೇರಿತು.
ಅದರ ಹಿಂದೆ, ಬೆರಳಿನಷ್ಟು, ಕೆಂಪು ನೀರು.

ಎಲ್ಲಿಗೆ ಹೋಗುತ್ತಿತ್ತು ಅನ್ನುವುದು ಹೇಳುವವರು ಬಹಳ ಜನ:
ಅರಮನೆಗೆ, ಮಜ್ಜನದ ತೊಟ್ಟಿಗೆ, ಕುದುರೆ ಲಾಯಕ್ಕೆ.
ನಾನು ಕೇಳುವುದು ಬೇರೆ. ಕೊನೇ ಮನೆ ಯಾರದು?
ಲೈನಿನ ತುದಿಯಲ್ಲಿ ಒಬ್ಬಳು ಇದ್ದೇ ಇರುತ್ತಾಳೆ,
ಈಗ ನಮ್ಮ ಹಾಲಮ್ಮ ಇರುವ ಹಾಗೆ,
ಗಾಳಿ ಮಾತ್ರ ಬುಸುಗುಟ್ಟುವ ನಲ್ಲಿಯೆದುರು
ಸೊಂಟಕ್ಕೆ ಕೈಯಿಟ್ಟು.
ಅವಳ ಬೈಗುಳ ಯಾವ ಶಾಸನದಲ್ಲೂ ಕೆತ್ತಿಲ್ಲ.
ಆ ಎರಡನೇ ಪದರ ಸುಣ್ಣ ಮಾತ್ರ ಅವಳದೇ.

ಇಂಜಿನಿಯರಮ್ಮ ಪುಸ್ತಕದಲ್ಲಿ ಬರೆದುಕೊಂಡರು: ಅಡಚಣೆ, ಒಂದು.
ನಾನು ಹಸನ್‌ಸಾಬರ ಮುಖ ನೋಡಿದೆ.
ಅವರು ಏನೂ ಹೇಳದೆ ಬಕೆಟ್ಟು ಎರಡು ಮೊಳ ಆಚೆ ಸರಿಸಿದರು.
ನಾಲ್ಕು ಮಾರು ಪೈಪು ಹೆಚ್ಚು ಬಿತ್ತು.
ಯಾಕೆ ಅಂತ ಬರೆಯಲು ಬಿಲ್ಲಿನಲ್ಲಿ ಕಾಲಮ್ಮಿಲ್ಲ.

ಮುಂದೆ ಎಂದೋ ಯಾರೋ ಅಗೆಯುತ್ತಾರೆ.
ನೆಟ್ಟಗೆ ಬರುತ್ತಿದ್ದ ನೀಲಿ ಕೊಳವೆ ಇಲ್ಲೇಕೆ ಬಳುಕಿತು ಎಂದು
ತಲೆ ಕೆರೆದುಕೊಳ್ಳುತ್ತಾರೆ.
ಕೆರೆದುಕೊಳ್ಳಲಿ.
ಆರು ಗಂಟೆಯಾಯಿತು, ಹಾಲಮ್ಮನ ದನಿ
ಗುಡ್ಡ ಹತ್ತಿ ಬರುತ್ತಿದೆ, ಪಂಪಿಲ್ಲದೆ.